ಅಕ್ಟೋಬರ್ ಜಲಪಾತ

ಲಗ್ಗೆರೆ ಸೇತುವೆ ಹತ್ತಿರ ಮುನಿಹನುಮಯ್ಯನ ವರ್ಕ್‌ಶಾಪಿನಲ್ಲಿ
ಬಿಚ್ಚಿಟ್ಟ ಸಬ್‌ಮರ್ಸಿಬಲ್ ಪಂಪಿನ ಮುಂದೆ ಕೂತಾಗಲೆಲ್ಲ
ಯಾರಾದರೊಬ್ಬರು ಕೇಳೇ ಕೇಳುತ್ತಾರೆ:
‘ಆಫ್ರಿಕಾದಲ್ಲಿ ಆ ದೊಡ್ಡ ಫಾಲ್ಸ್ ನೋಡ್ಕೊಂಡು ಬಂದ್ಯಂತಲ್ಲ,
ಹೆಂಗಿತ್ತು?’

ಕೈಯ ಗ್ರೀಸು ಒರೆಸಿಕೊಳ್ಳುತ್ತೇನೆ.
ನಿಧಾನವಾಗಿ, ಒಂದೊಂದೇ ಬೆರಳು.

ಜಾಂಬಿಯಾಕ್ಕೆ ನಾನು ಹೋದದ್ದು ಬೋರ್‌ವೆಲ್ ಗಾಡಿಯ ಹಿಂದೆ.
ಗಾಡಿ ಹಡಗಿನಲ್ಲಿ, ನಾನು ವಿಮಾನದಲ್ಲಿ.
ಕಂಪ್ರೆಸರ್ ಮಲಗಿದರೆ ನಾಡಿ ಹಿಡಿಯಲು ಒಬ್ಬ ಬೇಕಿತ್ತು.
ಏಳು ತಿಂಗಳು ಕೆಮ್ಮಣ್ಣಿನ ಧೂಳು, ಹಲ್ಲಿನ ಸಂದಿಯಲ್ಲೂ.
ಬಿಟ್ ಇಳಿದಂತೆ ಮೇಲೆ ಬರುವ ಕಲ್ಲುಹಿಟ್ಟನ್ನು
ಬೆರಳಲ್ಲಿ ತಿಕ್ಕಿ, ಮೂಗಿಗೆ ಹಿಡಿದು
‘ಇನ್ನು ಇಪ್ಪತ್ತಡಿ’ ಅನ್ನುತ್ತಿದ್ದೆ.
ಊರಿನವರು ನಗುತ್ತಿದ್ದರು,
ನೀರು ಚಿಮ್ಮಿದಾಗ ನಗು ಬಿಟ್ಟು ಬೊಗಸೆ ಒಡ್ಡುತ್ತಿದ್ದರು.

ಒಂದು ಭಾನುವಾರ ಗಾಡಿಗೆ ರಜೆ. ಡ್ರೈವರ್ ಮ್ವೀಂಬಾ ಅಂದ:
‘ಇಷ್ಟು ದೂರ ಬಂದು ಅದನ್ನು ನೋಡದೆ ಹೋದರೆ
ನಿನ್ನ ಮಗಳು ನಿನ್ನ ಜೊತೆ ಮಾತು ಬಿಡುತ್ತಾಳೆ.’
ನಸುಕಿನ ಮೂರಕ್ಕೆ ಹೊರಟೆವು.
ನನ್ನ ಡಬ್ಬಿಯಲ್ಲಿ ತಣ್ಣನೆ ಚಿತ್ರಾನ್ನ, ಅವನದರಲ್ಲಿ ಹುರಿದ ಒಣಮೀನು;
ಅರ್ಧದಾರಿಯಲ್ಲಿ ಡಬ್ಬಿಗಳು ಕೈ ಬದಲಾಯಿಸಿದವು.
ಜಲಪಾತದ ಅಲ್ಲಿಯ ಹೆಸರು ಹೇಳಿಕೊಟ್ಟ: ಮೋಸಿ-ಓಆ-ತುನ್ಯ.
ಗುಡುಗುವ ಹೊಗೆ.
ಮೋಸಿ ಅಂದರೆ ಹೊಗೆ ಅಂದ.
ನಮ್ಮ ಭಾಷೆಯಲ್ಲಿ ಮೋಸ ಅಂದರೆ ಬೇರೆ, ಅಂದೆ.
ಏನು ಅಂತ ಕೇಳಿದ.
ಹೇಳಲಿಲ್ಲ.

ಟಿಕೆಟ್ ಹರಿದ ಹೆಂಗಸು ಮುಖ ನೋಡಲಿಲ್ಲ.
ಬಾಡಿಗೆ ರೇನ್‌ಕೋಟಿನ ಅಂಗಡಿ ಬಾಗಿಲು ಹಾಕಿತ್ತು.
ಆಗಲೇ ತಿಳಿಯಬೇಕಿತ್ತು.

ಅಕ್ಟೋಬರ್.
ಕಂಬಿ ಹಿಡಿದು ಬಗ್ಗಿದರೆ ಎದುರಿಗೆ
ಮುನ್ನೂರೈವತ್ತು ಅಡಿ ಕಲ್ಲು.
ಬರೀ ಕಲ್ಲು.
ಮದುವೆ ಮುಗಿದ ಮಾರನೆ ದಿನದ ಛತ್ರದ ಹಾಗೆ.
ದೂರ, ಆಚೆ ದೇಶದ ಪಾಲಿಗೆ ಬಂದ ಮೂಲೆಯಲ್ಲಿ
ಬೆಳ್ಳಗೆ ಏನೋ ಏಳುತ್ತಿತ್ತು. ಅದರ ಸದ್ದು
ಪಕ್ಕದ ಬೀದಿಯಲ್ಲಿ ಟ್ಯಾಂಕರ್ ನೀರಿಳಿಸಿದಷ್ಟು.
ಸೇತುವೆ ದಾಟಿದರೆ ಸಾಕಿತ್ತು; ನನ್ನ ವೀಸಾ ಮಾತ್ರ
ಒಮ್ಮೆ ಹೊರಟವನನ್ನು ಮತ್ತೆ ಒಳಗೆ ಬಿಡದಂಥದ್ದು.

ಮ್ವೀಂಬಾನ ಮುಖ, ನೆಂಟರ ಎಲೆಗೆ ಸೀದ ಅನ್ನ ಬಡಿಸಿದವನದು.
‘ಏಪ್ರಿಲ್‌ನಲ್ಲಿ ಬಾ. ನಿನ್ನ ಕೈ ನಿನಗೇ ಕಾಣುವುದಿಲ್ಲ.’

ನನಗೆ ಬೇಜಾರಾಗಲಿಲ್ಲ.
ಇದನ್ನೇ ಯಾರಿಗೂ ಹೇಳಲಾಗುತ್ತಿಲ್ಲ.
ಇಪ್ಪತ್ತೆರಡು ವರ್ಷ ನಾನು ನೆಲದೊಳಕ್ಕೆ ಇಣುಕಿದ್ದು
ಆರೂವರೆ ಇಂಚಿನ ತೂತಿನಿಂದ.
ಕತ್ತಲೊಳಗೆ ಕಲ್ಲು ಹೇಗೆ ಮಲಗಿದೆ ಅಂತ
ಪುಡಿ ನೋಡಿ ಊಹಿಸಿದ್ದು, ಅಷ್ಟೇ.
ಇಲ್ಲಿ ಯಾರೋ ಮೈಲಿಯುದ್ದಕ್ಕೂ ನೆಲವನ್ನು ಸೀಳಿ
ನೋಡಿಕೋ ಅಂತ ತೆರೆದಿಟ್ಟಿದ್ದರು.

ಬೆರಳು ತೋರಿಸಿ ಮ್ವೀಂಬಾಗೆ ಹೇಳುತ್ತಾ ಹೋದೆ:
ಇದೊಂದು ಪದರ, ಬೆಂಕಿ ಆರಿದ್ದು ಇಲ್ಲಿ,
ಇಲ್ಲಿ ಕಲ್ಲು ಸಡಿಲ, ಕೇಸಿಂಗ್ ಇಳಿಸಲೇಬೇಕು,
ಅಗೋ ಆ ಬಿರುಕು, ಹುಲ್ಲು ಹಸಿರಾಗಿದೆಯಲ್ಲ,
ಅದನ್ನೇ ನಾವು ತೂತು ತೂತಾಗಿ ಹುಡುಕುವುದು.
ಬಿರುಕಿನ ಬಾಯಲ್ಲಿ ಒಂದು ಕಪ್ಪು ಹಕ್ಕಿ
ಕಲ್ಲಿಗೆ ಕೊಕ್ಕು ಒರೆಸಿ ಒರೆಸಿ ಕುಡಿಯುತ್ತಿತ್ತು.
ಎಷ್ಟು ಹೊತ್ತು ನಿಂತಿದ್ದೆವೋ. ಗೇಟಿನವನು ಬಂದು ಎಬ್ಬಿಸಿದ ಹಾಗಾಯಿತು.

ಲಿಖಿತ ಶಾಲೆಗೆ ಅದರ ಚಿತ್ರ ಬರೆದಳು.
ನೀಲಿ ಬಳಪ ಪೂರ್ತಿ ಸವೆಯಿತು.
ಅಂಚಿನಲ್ಲಿ ಸಣ್ಣಗೆ ನಾನು, ಕೊಡೆ ಹಿಡಿದು.
ನಾನು ತಿದ್ದಲಿಲ್ಲ.

ಮೊನ್ನೆ ನಮ್ಮ ಬೀದಿಯಲ್ಲೇ ಸಾವಿರದ ಮುನ್ನೂರು ಅಡಿ ಇಳಿಸಿದೆವು.
ಬಂದದ್ದು ಹೊಗೆ. ಗುಡುಗು ಕಂಪ್ರೆಸರಿನದು.
ಮಹಡಿಗಳ ಮೇಲೆ ಬಟ್ಟೆಯೆಲ್ಲ ಬೂದಿಯಾಗಿ
ಹೆಂಗಸರು ಬೈದುಕೊಂಡು ಎತ್ತಿಕೊಂಡು ಹೋದರು.

‘ಹೇಳೋ, ಹೆಂಗಿತ್ತು?’ ಮುನಿಹನುಮಯ್ಯ ಬಿಡುವವನಲ್ಲ,
ಚಹಾದ ಲೋಟ ನನ್ನ ಕಡೆ ತಳ್ಳುತ್ತಾನೆ.
ಹೆಬ್ಬೆರಳೂ ಒರೆಸಿ ಮುಗಿಯಿತು.

‘ಅಲ್ಲಿ ರೇನ್‌ಕೋಟು ಬಾಡಿಗೆಗೆ ಕೊಡ್ತಾರಣ್ಣ,’ ಅನ್ನುತ್ತೇನೆ.

ಅದಂತೂ ಸುಳ್ಳಲ್ಲ.