ಜುಲೇಖಾಬಿಗೆ ಹೇಳಿಕೊಟ್ಟದ್ದು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಗೇಟಿನೆದುರು
ನನ್ನದೊಂದು ಜೆರಾಕ್ಸ್ ಅಂಗಡಿ.
ಹರಾಜು ಮುಗಿದ ಮೇಲೆ ಗಿರಾಕಿಗಳಿಲ್ಲ. ಆಗ ಬರುತ್ತಾಳೆ
ನಾಲ್ಕು ಚರಕದ ಒಡತಿ ಜುಲೇಖಾಬಿ.
ರೀಲರ್ ಲೈಸೆನ್ಸು ಈ ವರ್ಷ ಅವಳ ಹೆಸರಿಗೆ.
ಬಿಸಿನೀರಲ್ಲಿ ಬೆಂದು ಬೆಂದು ರೇಖೆ ಅಳಿಸಿದ ಬೆರಳು
ಫೋನಿಗೆ ಗುರುತೇ ಸಿಗುವುದಿಲ್ಲ,
ಎರಡೆರಡು ಸಲ ಒತ್ತಬೇಕು.

"ಮೊದಲು ಕೂಗುತ್ತಿದ್ದೆವು, ಈಗ ಒತ್ತುತ್ತೇವೆ.
ಏನನ್ನ ಒತ್ತುತ್ತಿದ್ದೀನಿ ಅಂತ
ಗೊತ್ತಾಗಬೇಕಲ್ಲಪ್ಪ, ಹೇಳು."

ಸರ್ವರ್ ಅಂದರೆ, ಎಲ್ಲೋ ಕೂತ ದೊಡ್ಡ ಕಂಪ್ಯೂಟರು,
ಕೇಳಿದವರಿಗೆ ಕೇಳಿದ್ದು ಕೊಡುತ್ತದೆ, ಅಂದೆ.
"ಮದುವೆಮನೇಲಿ ಬಡಿಸೋನು."
ಹೌದು. ಇನ್ನೂರು ಎಲೆಯವರು ಒಟ್ಟಿಗೇ ಕೂಗಿದರೆ
ಬಕೆಟ್ಟು ಕೆಳಗಿಟ್ಟು ಕೂತುಬಿಡುತ್ತಾನೆ,
ಅದಕ್ಕೆ ಸರ್ವರ್ ಡೌನ್ ಅನ್ನುತ್ತಾರೆ.
"ಹೋದ ಮಂಗಳವಾರ ಕೂತಿದ್ದ, ಹಾಳಾದೋನು.
ಒಳ್ಳೇ ಬೈವೋಲ್ಟೈನ್ ಲಾಟು ಕೈಬಿಟ್ಟುಹೋಯ್ತು."

ಐಪಿ ವಿಳಾಸಕ್ಕೆ ಬಂದಾಗ ನಾನೇ ತಡವರಿಸಿದೆ.
ಚುಕ್ಕಿ ಚುಕ್ಕಿ ಇಟ್ಟ ಅಂಕಿ, ಯಾರಿಗೆ ನೆನಪಿರುತ್ತದೆ?
"ಬಸ್‌ಸ್ಟ್ಯಾಂಡಲ್ಲಿ ಇಳಿದವರು
ನನ್ನ ಮನೆ ನಂಬರು ಕೇಳ್ತಾರೇನು?
ಚರಕದ ಜುಲೇಖಾ ಅಂತಾರೆ. ಆಟೋ ವೆಂಕಟರವಣಪ್ಪ
ಬೀಡಿ ಬಿಸಾಕಿ ಗಾಡಿ ತಿರುಗಿಸ್ತಾನೆ."
ಸರಿ, ಡಿಎನ್‌ಎಸ್ ಅಂದರೆ ವೆಂಕಟರವಣಪ್ಪ.
ಹೆಸರು ಹೇಳಿದರೆ ನಂಬರಿನ ಬಾಗಿಲಿಗೆ ಬಿಡುವವನು.
ಪುಸ್ತಕದಲ್ಲಿ ಹೀಗೆ ಬರೆದಿಲ್ಲ. ಇರಲಿ.

ಲಿಂಕನ್ನು ಮಾತ್ರ ಅವಳೇ ನನಗೆ ಕಲಿಸಿದಳು.
ಕುದಿಯುವ ನೀರಲ್ಲಿ ಕಡ್ಡಿ ಆಡಿಸುತ್ತಾ ಇರು,
ಯಾವುದೋ ಗೂಡಿನ ತುದಿ ತಾನೇ ಅಂಟಿಕೊಳ್ಳುತ್ತೆ,
ಹಿಡಿದು ಎಳೆದರೆ
ಈ ಬೀದಿ ದಾಟಿ ಕೆರೆ ಏರಿಯವರೆಗೂ ಬರುತ್ತೆ.
ನಾನೂರ ನಾಲ್ಕು, ಪುಟ ಸಿಗಲಿಲ್ಲ ಅಂತ ಬಂದರೆ?
"ಚಿಟ್ಟೆ ತೂತು ಮಾಡಿಕೊಂಡು ಹಾರಿಹೋದ ಗೂಡು.
ಹೊರಗಿಂದ ಗೂಡೇ. ಎಳೀತಾ ಹೋದ್ರೆ ಬರೀ ತುಂಡು."

ಕುಕಿ ಅಂದಾಗ ಬಿಸ್ಕತ್ತಿನ ಡಬ್ಬಿ ನೋಡಿದಳು.
ಅದಲ್ಲ, ಹೋದ ಸಲ ನೀನು ಬಂದು ಏನು ಕೇಳಿದೆ
ಅಂತ ಬರೆದಿಟ್ಟುಕೊಂಡ ಚೀಟಿ, ಅಂದೆ.
ತುಸು ಹೊತ್ತು ಸುಮ್ಮನಿದ್ದಳು.
"ನನಗೆ ಸಕ್ಕರೆ ಬೇಡ ಅಂತ ಟೀ ಮುನಿಶಾಮಿ
ನೆನಪಿಟ್ಟುಕೊಂಡರೆ ಅದು ಅಕ್ಕರೆ.
ಅದನ್ನೇ ಹೋಗಿ
ಔಷಧಿ ಅಂಗಡಿಯವನ ಕಿವೀಲಿ ಊದಿದರೆ?"
ಅದೂ ಕುಕಿಯೇ, ಅಂದೆ ಮೆಲ್ಲಗೆ.

ವಿಳಾಸದ ಪಕ್ಕದ ಪುಟ್ಟ ಬೀಗಕ್ಕೆ
ವಿವರಣೆಯೇ ಬೇಕಾಗಲಿಲ್ಲ.
ಅವಳ ಅಬ್ಬಾ ಚಿಂತಾಮಣಿ ಸಂತೆಯಲ್ಲಿ ದನದ ದಲ್ಲಾಳಿ.
ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವುದು,
ಸುತ್ತ ನೂರು ಜನ, ಕಂಡದ್ದು ಟವೆಲು ಮಾತ್ರ.
"ಆದರೆ ಬೀಗ ಇದ್ದ ಮಾತ್ರಕ್ಕೆ ದಲ್ಲಾಳಿ ಒಳ್ಳೆಯೋನು
ಅಂತಲ್ಲ." ಇದನ್ನು ನಾನು ಹೇಳಿರಲಿಲ್ಲ.

ಕ್ಲೌಡ್ ಅಂದಾಗ ಇಬ್ಬರೂ ಹೊರಗೆ ನೋಡಿದೆವು.
ನಂದಿಬೆಟ್ಟದ ಕಡೆಯಿಂದ ಬಂದ ಒಂದೇ ಒಂದು ಮೋಡ
ನಮ್ಮನ್ನು ದಾಟಿ ಆಂಧ್ರಕ್ಕೆ ಹೊರಟಿತ್ತು.
ಇದಲ್ಲ ಅಂದೆ, ಯಾರದೋ ಗೋದಾಮು,
ನಮ್ಮ ಮೂಟೆ, ಅವರ ಬೀಗ, ತಿಂಗಳ ಬಾಡಿಗೆ.
"ಗೋದಾಮು ಅಂತ ಹೇಳೋಕೇನು ರೋಗ?"

ಹೊರಡುವಾಗ ಹೊಸ್ತಿಲಲ್ಲಿ ತಿರುಗಿದಳು.
"ಜಾಲ ಜಾಲ ಅಂತೀಯ.
ನೂಲು ನೇಯೋಕೆ ನನ್ನ ಮನೇಲಿ ಹುಳ ಬೇಯುತ್ತೆ.
ನಿನ್ನ ಈ ಜಾಲದಲ್ಲಿ ಬೇಯೋದು ಯಾರು?"
ಜೆರಾಕ್ಸ್ ಯಂತ್ರ ಬಿಸಿಯಾಗಿತ್ತು,
ಅದರ ಮುಚ್ಚಳ ಎತ್ತಿ ಏನೋ ಹುಡುಕಿದ ಹಾಗೆ ಮಾಡಿದೆ.

ಅವಳು ಹೋದ ಮೇಲೆ ನೋಡುತ್ತೇನೆ,
ನನ್ನ ಕಂಪ್ಯೂಟರಿನಲ್ಲಿ ಅವಳ ಖಾತೆ ತೆರೆದೇ ಇದೆ.
ಮುಂಗಡ ಕಟ್ಟಿದ ದುಡ್ಡು, ಲೈಸೆನ್ಸ್ ನಂಬರು,
ಕಳೆದುಕೊಂಡ ಮಂಗಳವಾರದ ಲಾಟು.
ಲಾಗೌಟ್ ಎಂಬ ಪದ ಹೇಳಿಕೊಡಲು ಮರೆತಿದ್ದೆ.

ಓದಲಿಲ್ಲ.
ಪಕ್ಕದ ಮನೆಯವರು ತೆರೆದಿಟ್ಟು ಹೋದ ಬಾಗಿಲನ್ನು
ಎಳೆದು ಚಿಲಕ ಹಾಕುವ ಹಾಗೆ
ಒತ್ತಿದೆ. ನಾಳೆ ಮೊದಲು ಅದೇ ಪಾಠ.