ಹೊರಲಂಗರು, ಅಜ್ಮಾನ್

ಚಿತ್ರದಲ್ಲಿ ಅವನೊಬ್ಬನೇ. ಇಲ್ಲಿ ನಾವು ನಾಲ್ವರು.
ಟ್ಯಾಂಕಿಗೆ ಕಡ್ಡಿ ಅದ್ದಿ ಥೀನ್ ಹೇಳುತ್ತಾನೆ,
ದಿನಕ್ಕೆ ನಲವತ್ತು ನಿಮಿಷ ಕರೆಂಟು.
ಅಷ್ಟರೊಳಗೆ ಫೋನುಗಳು ತುಂಬಬೇಕು,
ಪಂಪು ನೀರೆತ್ತಬೇಕು,
ಮೆಸ್ಸಿನ ಟಿವಿಯಲ್ಲಿ ಅವನು ಆಕಾಶಕ್ಕೆ ಹೋಗಬೇಕು.

ಸಂಬಳ ಬರದ ಮೂರನೇ ತಿಂಗಳು ಇಳಿದುಹೋದ ಕ್ಯಾಪ್ಟನ್
ಬಿಟ್ಟದ್ದು ಒಂದು ಉಣ್ಣೆಯ ಸ್ವೆಟರು, ಒಂದು ಪೆನ್‌ಡ್ರೈವು.
ಆಗಸ್ಟಿನಲ್ಲಿ ಸ್ವೆಟರು!
ಬಿಸಿ ಪಾತ್ರೆ ಇಳಿಸಲಿಕ್ಕೆಂದು ಮೊಫಿಜುಲ್ ಇಟ್ಟುಕೊಂಡ.
ಪೆನ್‌ಡ್ರೈವಿನಲ್ಲಿ ಇದೊಂದೇ ಚಿತ್ರ,
ನಮ್ಮಪ್ಪಂದಿರ ಕಾಲದ್ದು,
ನಕ್ಷತ್ರ ಅಲುಗಿದಾಗ ಹಿಂದಿನ ಬಟ್ಟೆಯ ಮಡಿಕೆ ಕಾಣುತ್ತದೆ.
ಮಾತು ಯಾವ ದೇಶದ್ದೋ.

ಹಾಗಾಗಿ ಅರ್ಥ ಹೇಳುವ ಕೆಲಸ ನನಗೆ.
ಗಂಗೊಳ್ಳಿಯ ಖಾರ್ವಿ ನಾನು, ಎಂಜಿನ್ನಿಗೆ ಎಣ್ಣೆ ಬಿಡುವವನು,
ತಾಳಮದ್ದಳೆಯ ಹಿಂದಿನ ಸಾಲಲ್ಲಿ ಕೂತು ಕಲಿತದ್ದು ಇಷ್ಟೇ:
ಪದ ತಿಳಿಯದಿದ್ದರೂ ಅರ್ಥ ನಿಲ್ಲಿಸಬಾರದು.
"ಈಗ ಹೆಂಡತಿಯನ್ನು ಕೇಳುತ್ತಿದ್ದಾನೆ," ಎನ್ನುತ್ತೇನೆ ಮುರುಕು ಹಿಂದಿಯಲ್ಲಿ,
"ಮಾಲಿಕ ದುಡ್ಡು ಕಳಿಸಿದನಾ?"
ಇದ್ರೀಸ್ ನಗುತ್ತಾನೆ. ಥೀನ್ ನಗುವುದಿಲ್ಲ,
ಸಿಲಿಂಡರಿನ ಮುಳ್ಳನ್ನೇ ನೋಡುತ್ತಾನೆ.

ಇಪ್ಪತ್ತೆರಡನೇ ನಿಮಿಷಕ್ಕೆ ಹಗ್ಗ ತುಂಡು.
ಸದ್ದೇ ಇಲ್ಲ. ಬಿಳಿ ಅಂಗಿಯವನು ಮಗುಚಿ ಮಗುಚಿ
ಕೈಜಾರಿ ಬಾವಿಗೆ ಬಿದ್ದ ತಂಬಿಗೆಯಂತೆ
ಸಣ್ಣವನಾಗುತ್ತಾನೆ.
ಅವನ ಸಂಕಟ ಕಡಿದ ಹಗ್ಗ.
ನಮ್ಮದು ಕಡಿಯದ ಸರಪಳಿ:
ಒಂದೊಂದು ಕೊಂಡಿ ನನ್ನ ಮುಂಗೈಯಷ್ಟು ದಪ್ಪ,
ಹತ್ತು ಮಾರು ಕೆಳಗೆ ಕೆಸರಲ್ಲಿ ಕೂತ ಲಂಗರು,
ಕೋರ್ಟಿನ ಕಾಗದ ಬರುವವರೆಗೆ ಎತ್ತುವಂತಿಲ್ಲ.
ಪಾಸ್‌ಪೋರ್ಟು ಶಾರ್ಜಾದ ಒಂದು ಡ್ರಾಯರಿನಲ್ಲಿ,
ಡ್ರಾಯರಿನ ಕೀಲಿಕೈ ಸ್ವಿಚ್ ಆಫ್ ಆದ ಒಂದು ನಂಬರಿನಲ್ಲಿ.

ಅವನಿಗೆ ಭೂಮಿ ಕಾಣುತ್ತದೆ, ಹೆಬ್ಬೆರಳಲ್ಲಿ ಮುಚ್ಚುವಷ್ಟು.
ನಾನೂ ಡೆಕ್ಕಿಗೆ ಬಂದು ಹೆಬ್ಬೆರಳು ಹಿಡಿಯುತ್ತೇನೆ:
ಕಾರ್ನಿಶ್ ಹೋಯಿತು, ಹೋಟೆಲುಗಳು ಹೋದವು,
ಮಸೀದಿಯ ಹಸಿರು ದೀಪ ಮಾತ್ರ ಉಗುರಿನಂಚಿಗೆ ಉಳಿಯಿತು.
ಗಾಳಿ ಅತ್ತಣಿಂದ ಬೀಸಿದ ದಿನ ಬಾಂಗು ಕೇಳುತ್ತದೆ.
ಕರಿದ ಕೋಳಿಯ ವಾಸನೆಯೂ ಬಂತೆಂದು ಮೊಫಿಜುಲ್ ಆಣೆಯಿಡುತ್ತಾನೆ,
ಆರು ಮೈಲಿ ದಾಟಿ!

ಕಳೆದ ಶುಕ್ರವಾರ ಪ್ರವಾಸಿಗರ ಹಡಗೊಂದು ಹಾಯಿತು,
ದೀಪದ ಸರ, ಡೋಲು, ತಟ್ಟೆಗಳ ಸದ್ದು.
ಖಾಲಿ ಕ್ಯಾನು ಎತ್ತಿ ಅಲ್ಲಾಡಿಸಿದೆವು, ನೀರು, ನೀರು.
ಅವರೂ ಕೈ ಬೀಸಿದರು.
ಒಂದು ಮಗು ಬಹಳ ಹೊತ್ತು ಬೀಸಿತು.

ಹಡಗಿನ ಮೂತಿಯಲ್ಲಿ ನಿಂತರೆ ಒಂದು ಗೆರೆ ಸಿಗ್ನಲ್.
"ಎಂತ ಉಂಡ್ರಿ?" ಎಂದಳು ಸುಲೋಚನ.
"ಮೀನು." ಸುಳ್ಳಲ್ಲ.
ಒಂಬತ್ತು ದಿನದಿಂದ ಅದೇ, ಉಪ್ಪಿಲ್ಲದೆ,
ಸುತ್ತ ಇಷ್ಟು ಉಪ್ಪಿದ್ದೂ.

ರಿಮೋಟು ಎಂದೋ ಸಮುದ್ರಕ್ಕೆ ಬಿದ್ದಿದೆ.
ಮುಂದಕ್ಕೆ ಓಡಿಸಲಾಗದು, ನಿಂತಲ್ಲಿಂದ ಹಿಡಿಯಲಾಗದು.
ಪ್ರತಿ ಸಂಜೆ ಮೊದಲಿನಿಂದ
ಅವನು ಬೂಟು ಕಟ್ಟುತ್ತಾನೆ, ಸೇಬು ಕಚ್ಚುತ್ತಾನೆ,
ಯಾರಿಗೋ ಟಾಟಾ ಮಾಡುತ್ತಾನೆ,
ಹೊಸದಾಗಿ ಕಳೆದುಹೋಗುತ್ತಾನೆ.
ನಲವತ್ತನೇ ನಿಮಿಷಕ್ಕೆ ಕತ್ತಲೆ. ಬದುಕಿದನೋ ಇಲ್ಲವೋ
ನಾಲ್ವರಲ್ಲಿ ಯಾರಿಗೂ ಗೊತ್ತಿಲ್ಲ.
ಉಳಿದದ್ದು ಬಾಯಲ್ಲೇ ಮುಗಿಸುತ್ತೇನೆ, ದಿನಕ್ಕೊಂದು ಬಗೆ:
ಒಮ್ಮೆ ಗಂಗೊಳ್ಳಿಯ ಬೋಟಿನವರು ಬಂಗುಡೆಯ ಜೊತೆ ಬಲೆಯಲ್ಲಿ ಎಳೆದುಕೊಂಡರು.
ಒಮ್ಮೆ ಇದ್ರೀಸನ ನೈಲ್ ನದಿಗೆ ಬಿದ್ದ,
ಮೊಸಳೆ ಮೂಸಿ ಬಿಟ್ಟುಬಿಟ್ಟಿತು.

ಕಡ್ಡಿಯ ಮೇಲೆ ಡೀಸೆಲ್ಲಿನ ಗೀಟು ಇಳಿಯುತ್ತ ಬಂದಿದೆ.
ನಲವತ್ತು ಮೂವತ್ತಾಯಿತು. ಮೂವತ್ತು, ಇಪ್ಪತ್ತೈದು.
ನಿನ್ನೆ, ಹಗ್ಗದ ಎಳೆಯೊಂದು ಬಿಚ್ಚುವಲ್ಲಿಗೆ ನಿಂತಿತು.
ಇಂದು ಹದಿನೆಂಟು.
ಕರೆಂಟು ಹೋದಾಗ ಅವನು ಬಾಗಿಲಲ್ಲೇ ಇದ್ದ,
ಹಗ್ಗ ಸೊಂಟಕ್ಕೆ ಬಿಗಿದು, ಒಳಗಿನವರಿಗೆ ಏನೋ ಹೇಳಿ ನಗುತ್ತ.
ಯಾರೂ ಎದ್ದು ಹೋಗಲಿಲ್ಲ.
"ಏನೆಂದ?" ಕತ್ತಲಲ್ಲಿ ಥೀನ್ ಕೇಳಿದ,
ಇಷ್ಟು ದಿನ ಅರ್ಥ ಕೇಳದಿದ್ದವನು.