ಪಾಲು

ಹಂಪನಕಟ್ಟೆಯ ಮೂರನೆಯ ಮಹಡಿ, ಏಸಿ ಹದಿನೆಂಟರಲ್ಲಿ.
ವಾರಿಜಾ ಕುಂದರ್ ಬಂದು ಕೂತರು. ಬುಟ್ಟಿ ಖಾಲಿ.
ಸೆರಗಿನ ತುದಿಗೆ ಬೂತಾಯಿಯ ಹುರುಪೆ ಎರಡು ಮಿನುಗುತ್ತಿದ್ದವು.
"ಬೆಳಿಗ್ಗೆ ನನ್ನ ದುಡ್ಡು ಹೋಗಲಿಲ್ಲ. ದಾಯೆ?"

ಈ ಪ್ರಶ್ನೆಗೆಂದೇ ನನಗೆ ಸಂಬಳ.
ಆದರೂ ಇದುವರೆಗೆ ಕೇಳಿದವರೆಲ್ಲ ಮೇಲಿನವರು,
ಇಂಗ್ಲಿಷಿನಲ್ಲಿ, ಸ್ಲೈಡಿನ ಎದುರು.

ಪರದೆಯನ್ನು ಅವರ ಕಡೆ ತಿರುಗಿಸಿದೆ.
ನೋಡಿ, ಎಂಬತ್ತೈದು. ನೂರಕ್ಕೆ.
ಎಪ್ಪತ್ತು ದಾಟಿದರೆ ಯಂತ್ರ ಕೈ ಅಡ್ಡ ಹಿಡಿಯುತ್ತದೆ.
ಯಾರೇ ಬರಲಿ, ನಾಲ್ಕರಿಂದ ಶುರು,
ಸಾಚಾ ಮನುಷ್ಯನಿಗೂ ನಾಲ್ಕು, ನನಗೂ ನಾಲ್ಕು.
ಆಮೇಲೆ ಒಂದೊಂದೇ ಸಂಗತಿ ಬಂದು ತಳ್ಳುತ್ತದೆ,
ಕೆಂಪು ಪಟ್ಟಿ ಮೇಲಕ್ಕೆ, ನೀಲಿ ಕೆಳಕ್ಕೆ.

ಫೋನು ಹೊಸತು, ಇಪ್ಪತ್ತೊಂದು.
"ಹಳೆಯದು ನೀರಿಗೆ ಬಿತ್ತಲ್ಲ, ಆದಿತ್ಯವಾರ."
ನಲವತ್ತಾರು ಸಾವಿರ, ನಿಮ್ಮ ವಾಡಿಕೆಗಿಂತ ದಪ್ಪ, ಹದಿನೇಳು.
ಪಡೆಯುವವನು ಅಪರಿಚಿತ, ಹದಿನಾಲ್ಕು.
"ಕೊಳಚಲಿನ ಬೋಟು. ಇಲ್ಲಿ ಕಟ್ಟಿದ್ದು ಮೊದಲ ಸಲ.
ಅವನ ಅಂಜಲ್ ನೋಡಬೇಕಿತ್ತು ನೀನು, ತೋಳುದ್ದ."
ಹದಿನಾಲ್ಕು ವರ್ಷದ ಖಾತೆ, ಇದು ನೀಲಿ, ಒಂಬತ್ತು ಇಳಿಸಿತು.
"ಹದಿನಾಲ್ಕು ವರ್ಷಕ್ಕೆ ಒಂಬತ್ತಾ?"

ಎಲ್ಲಕ್ಕಿಂತ ಉದ್ದದ ಪಟ್ಟಿಯನ್ನು ಕೊನೆಗೆ ಓದಿದೆ,
ನಾಚಿಕೆಯಿಂದಲೋ ಏನೋ.
ಹೊತ್ತು: ಬೆಳಗಿನ ಜಾವ ಮೂರು ನಲವತ್ತು.
ಮೂವತ್ತೆಂಟು.

ಅವರು ನಗಲಿಲ್ಲ.
"ಧಕ್ಕೆಯಲ್ಲಿ ಮೂರು ನಲವತ್ತು ಅಂದರೆ ನಡು ಮಧ್ಯಾಹ್ನ, ಬಾಲೆ.
ಏಲಂ ಕೂಗುವವನ ಗಂಟಲು ಅಷ್ಟೊತ್ತಿಗೆ ಬಿದ್ದುಹೋಗಿರ್ತದೆ.
ಆ ಹೊತ್ತು ತೆಗಿ. ಎಷ್ಟಾಗ್ತದೆ ನೋಡುವ."

ತೆಗೆದೆ. ಅಂದರೆ ಹಗಲು ಹನ್ನೊಂದು ಮಾಡಿದೆ, ಉಳಿದದ್ದು ಮುಟ್ಟದೆ.
ಮೂವತ್ತೊಂದು.
ಲೆಕ್ಕ ತಾಳೆಯಾಗಲಿಲ್ಲವೆಂದು ಮೊದಲು ಹೊಳೆದದ್ದು ಅವರಿಗೇ,
ಬೆರಳ ಗೆಣ್ಣಿನ ಮೇಲೆ ಎಣಿಸುತ್ತಿದ್ದರು:
ಇಳಿಯಬೇಕಾದ್ದು ಮೂವತ್ತೆಂಟು, ಇಳಿದದ್ದು ಐವತ್ನಾಲ್ಕು.

ವಿವರಿಸಲು ಬಾಯಿ ತೆರೆದೆ.
ಹೊಸ ಫೋನು ಹಗಲಿಗೆ ಬರೀ ಹೊಸ ಫೋನು,
ರಾತ್ರಿಗೆ ಕಳ್ಳನ ಕೈಯ ಫೋನು,
ಒಂದಕ್ಕೊಂದು ಹೆಗಲು ಕೊಟ್ಟು ಹತ್ತುತ್ತವೆ, ಆ ಜಂಟಿ ಭಾರವನ್ನು ನಾವು...

"ಗೊತ್ತುಂಟು," ಅಂದರು. "ದೇಜಪ್ಪಣ್ಣ ಜ್ವರ ಅಂತ ಮಲಗಿದ ದಿನ
ಹೋದದ್ದು ಒಬ್ಬ ತಾಂಡೇಲನ ಮೀನಲ್ಲ, ಅರ್ಧ ಬಲೆ ಮೀನು.
ಉಳಿದವರ ತೋಳೂ ಅವನ ಕೂಗಿನಲ್ಲಿತ್ತು.
ಹಾಗಂತ ಪಾಲಿನ ದಿನ ಅವನಿಗೆ ಅರ್ಧ ಕೊಡ್ತೇವಾ?
ಅವನಿಲ್ಲದ ದಿನ, ಇವನಿಲ್ಲದ ದಿನ, ಇಬ್ಬರೂ ಇಲ್ಲದ ದಿನ,
ಎಲ್ಲ ನೆನಪಿಟ್ಟು, ಜಗಳ ಮಾಡಿ, ಹಂಚುವುದು."

ಎರಡು ವರ್ಷ ಓದಿ ನಾನು ಕಲಿತ ಸೂತ್ರ ಇದೇ,
ಎಲ್ಲ ಗೈರುಹಾಜರಿಗಳ ಸರಾಸರಿ.
ಜಗಳ ಒಂದು ಬಿಟ್ಟು.

"ಮತ್ತೆ ನಮ್ಮ ಪಾಲಿನಲ್ಲಿ ಡೀಸೆಲಿಗೆ ಉಂಟು, ಐಸಿಗೆ ಉಂಟು,
ಹರಿದ ಬಲೆಗೂ ಉಂಟು.
ನಿನ್ನ ಈ ಚಿತ್ರದಲ್ಲಿ
ರಾತ್ರಿ ಅಂದರೆ ಕಳ್ಳ ಅಂತ ಇದಕ್ಕೆ ಹೇಳಿಕೊಟ್ಟವನ ಪಟ್ಟಿ ಎಲ್ಲಿ?"

ಹುಡುಕಿದ ಹಾಗೆ ಮಾಡಿದೆ. ಪರದೆಯನ್ನು ಮೇಲೆ ಕೆಳಗೆ ಉರುಳಿಸಿದೆ.
ಅವನಿರುವುದು ಪಟ್ಟಿಗಳ ಅಡಿಯ ಗೆರೆಯಲ್ಲಿ,
ರಾತ್ರಿ ಮಲಗುವ ಊರುಗಳ ಲಕ್ಷಗಟ್ಟಲೆ ಸಾಲುಗಳಲ್ಲಿ.
ಆ ಸಾಲುಗಳನ್ನು ಆರಿಸಿದವಳು
ಬೋಳಾರದಲ್ಲಿ, ಧಕ್ಕೆಗೆ ಕೂಗಳತೆಯಲ್ಲ ಆದರೆ ದೂರವೂ ಅಲ್ಲ,
ಏಳಕ್ಕೆ ಅಲಾರಂ ಇಟ್ಟು ಮಲಗುತ್ತಾಳೆ.

ಹೇಳಲಿಲ್ಲ. ದುಡ್ಡು ಬಿಟ್ಟೆ.
"ಈಗ ಬಿಟ್ಟು ಏನು ಮಾಡುವುದು?" ಬುಟ್ಟಿ ಎತ್ತಿಕೊಂಡರು.
"ಲಾಟು ಪುತ್ತುಬಾವನಿಗೆ ಹೋಯಿತು.
ಇರಲಿ, ಒಳ್ಳೇ ಮೀನು, ಯಾರಾದರೂ ತಿನ್ನಲಿ."

ಆ ರಾತ್ರಿ ಮೂರೂವರೆಗೆ ಅಲಾರಂ ಇಟ್ಟೆ.
ಎಚ್ಚರಾದಾಗ ಏಳು ಗಂಟೆ.
ನಿದ್ದೆಯಲ್ಲೇ ಕೈ ಅದನ್ನು ಒತ್ತಿ ಸುಮ್ಮನಾಗಿಸಿತ್ತು.